ಮೂರನೆಯ ರೊಟ್ಟಿಯನ್ನು ತಿಂದವರು ಯಾರು?

ಗಡಿಯ ಹಸಿರು ಫಲಕಗಳ ಉಸ್ತುವಾರಿ ಹೊತ್ತಿರುವ ಅಧಿಕಾರಿಗಳಿಗೆ,

ಮಾನ್ಯರೇ,

ನಿನ್ನೆ ಭಾನುವಾರ, ನಮ್ಮೂರು ವಾಶ್ಲಿಸುಬಾನಿಯ ಮೇಲ್ಕೇರಿಗೂ ಕೆಳಕೇರಿಗೂ ನಡುವೆ ತಾವು ಎಳೆಸಿರುವ ತಂತಿಬೇಲಿಯ ಬುಡದಲ್ಲಿ, ಚಪ್ಪಟೆ ಕಲ್ಲಿನ ಮೇಲೆ, ನನ್ನ ಅತ್ತೆಯ ತಟ್ಟೆಯಲ್ಲಿ ಎರಡು ರೊಟ್ಟಿ ಇದ್ದವು. ಮೂರು ಇರಬೇಕಿತ್ತು. ಮೂರನೆಯದನ್ನು ತಮ್ಮ ಕಾವಲುಗಾರ ತಿಂದನೇ, ಇಲ್ಲವೇ? ಇದನ್ನು ಬುಧವಾರ ಬೆಳಿಗ್ಗೆಯೊಳಗೆ ತಿಳಿಸಬೇಕಾಗಿ ವಿನಂತಿ.

ಒಂದು ರೊಟ್ಟಿಗೆ ಒಂದು ಬಹಿರಂಗ ಪತ್ರವೇ ಎಂದು ತಾವು ನಗಬಹುದು. ನಗಿ, ಅದಕ್ಕಿನ್ನೂ ನಮ್ಮ ಕಡೆ ಅನುಮತಿಪತ್ರ ಬೇಕಾಗಿಲ್ಲ. ಆದರೆ ಇವತ್ತು ಮಧ್ಯಾಹ್ನ ನಾನು ಬೇಲಿಯ ಹತ್ತಿರ ಹೋಗಿ ತಮ್ಮ ಹೊಸ ಕಾವಲುಗಾರನನ್ನೇ ಬಾಯಿಬಿಟ್ಟು ಕೇಳಿದೆ. ಆತ ಮೀಸೆ ಬೋಳಿಸಿದ, ಗುಂಡಿಗಳನ್ನೆಲ್ಲ ಸರಿಯಾಗಿ ಹಾಕಿಕೊಂಡ, ಬಹಳ ಶಿಸ್ತಿನ ಮನುಷ್ಯ. "ಉತ್ತರ ಕೊಡೋ ಅಧಿಕಾರ ನಂಗಿಲ್ಲ ಯಜಮಾನ್ರೇ. ಏನಿದ್ರೂ ಬರೆದು ಕೊಡಿ" ಅಂದ. ಯಾರಿಗೆ ಬರೆಯಬೇಕು ಎಂದು ಕೇಳಿದರೆ ಅದನ್ನು ಹೇಳುವ ಅಧಿಕಾರವೂ ಇರಲಿಲ್ಲ. ಹಾಗಾಗಿ ಈ ಪತ್ರದ ಒಂದು ಪ್ರತಿ ಗೋರಿ ಎಂಬ ಹತ್ತಿರದ ಪಟ್ಟಣದ ಪತ್ರಿಕೆಗೆ ಹೋಗುತ್ತದೆ. ಇನ್ನೊಂದನ್ನು "ರಾಜ್ಯದ ಗಡಿ, ದಾಟಕೂಡದು" ಎಂದು ಬರೆದಿರುವ ತಮ್ಮ ಹಸಿರು ಫಲಕದ ಕಂಬಕ್ಕೇ ಅಂಟಿಸುತ್ತೇನೆ. ತಮ್ಮ ವಿಳಾಸ ಅಂತ ನನಗೆ ಗೊತ್ತಿರುವುದು ಅದೊಂದೇ.

ನಾನು ಮೂವತ್ತನಾಲ್ಕು ವರ್ಷ ಭೂಗೋಳ ಕಲಿಸಿದ ಮೇಷ್ಟ್ರು. ನದಿ ಬೆಟ್ಟದಿಂದ ಇಳಿಯುತ್ತದೆ, ಊರು ಇದ್ದಲ್ಲೇ ಇರುತ್ತದೆ ಎಂದು ಮೂರು ತಲೆಮಾರಿಗೆ ಹೇಳಿದವನು. ಮೊದಲನೆಯದು ಇವತ್ತಿಗೂ ನಿಜ. ಎರಡನೆಯದಕ್ಕೆ ನನ್ನ ಹಳೆಯ ವಿದ್ಯಾರ್ಥಿಗಳ ಕ್ಷಮೆ ಕೇಳಬೇಕಾಗಿದೆ. ಹನ್ನೆರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಮೇಲ್ಕೇರಿ ಬೇರೆ ದೇಶಕ್ಕೆ ಹೋಗಿತ್ತು. ಯಾರೂ ಗಂಟುಮೂಟೆ ಕಟ್ಟಿರಲಿಲ್ಲ, ಒಂದು ಕೋಳಿ ಕೂಡ ಗೂಡು ಬದಲಿಸಿರಲಿಲ್ಲ. ಮೊದಲು ನೇಗಿಲಿನಲ್ಲಿ ಒಂದು ಗೆರೆ ಎಳೆದಿರಿ, ಆಮೇಲೆ ಫಲಕ ನೆಟ್ಟಿರಿ, ಆಮೇಲೆ ತಂತಿ. ಮುಂದಿನ ವಸಂತಕ್ಕೆ ತಂತಿ ಹದಿನಾಲ್ಕು ಹೆಜ್ಜೆ ಕೆಳಗಿಳಿದು ನನ್ನ ಸೇಬಿನ ತೋಟದ ಎರಡು ಸಾಲು ಮರಗಳನ್ನು ಒಳಗೆ ಹಾಕಿಕೊಂಡಿತು. ಬೇಲಿಯೇ ಎದ್ದು ಹೊಲ ಮೇಯಿತು ಎಂಬುದನ್ನು ಬೇರೆಯವರು ಗಾದೆಯಾಗಿ ಹೇಳುತ್ತಾರೆ. ನಮ್ಮಲ್ಲಿ ಅದನ್ನು ಗ್ರಾಮಸಭೆಯ ವರದಿಯಲ್ಲಿ ಬರೆಯುತ್ತೇವೆ.

ಈ ನೆಲ ಯಾರದು ಎಂಬ ವಾದಕ್ಕೆ ನಾನು ಬಂದಿಲ್ಲ. ನಮ್ಮ ರಾಜಧಾನಿ ತ್ಬಿಲಿಸಿಯವರು ಇದು ಜಾರ್ಜಿಯಾ ಅನ್ನುತ್ತಾರೆ. ಬೇಲಿಯಾಚೆಯ ರಾಜಧಾನಿ ತ್ಸ್ಖಿನ್ವಾಲಿಯವರು ಇದು ಒಸ್ಸೇತಿಯಾ, ತನ್ನ ಪಾಡಿಗೆ ತಾನಿರುವ ದೇಶ ಅನ್ನುತ್ತಾರೆ. ಹಾಗೆಂದು ಒಪ್ಪುವ ದೇಶಗಳನ್ನು ಎಣಿಸಲು ಒಂದು ಕೈ ಸಾಕು, ಆ ಕೈಯಲ್ಲಿ ಬಂದೂಕು ಇರುವುದರಿಂದ ಎರಡನೆಯ ಕೈ ಬೇಕಾಗಿಯೂ ಇಲ್ಲ. ನಾನು ಜಾರ್ಜಿಯಾದವನು. ನನ್ನ ಹೆಂಡತಿ ಅಜಾ ಒಸ್ಸೇತಿಯಾದವಳು, ಮೇಲ್ಕೇರಿಯ ಹೆಣ್ಣು. ಎರಡು ಕಡೆಯವರ ಮೊದಲ ಯುದ್ಧದಲ್ಲಿ ಅವಳ ಅಣ್ಣ ಆ ಕಡೆಯಿಂದ ಹೋರಾಡಿ ಸತ್ತ, ನನ್ನ ಚಿಕ್ಕಪ್ಪನ ಮಗ ಈ ಕಡೆಯಿಂದ ಸತ್ತ. ಇಬ್ಬರೂ ನನ್ನ ಮದುವೆಯಲ್ಲಿ ಒಂದೇ ಕೊಂಬಿನಿಂದ ದ್ರಾಕ್ಷಾರಸ ಕುಡಿದವರು. ಯಾರು ಮೊದಲು ಹೊಡೆದರು ಎಂದು ನಮ್ಮ ಮನೆಯಲ್ಲಿ ಲೆಕ್ಕ ಹಾಕುವುದಿಲ್ಲ. ಹಾಕಿದರೆ ಆ ದಿನ ಊಟ ಇರುವುದಿಲ್ಲ.

ನನ್ನ ಅತ್ತೆಯ ಹೆಸರು ಕೋಸೆರ್ಖಾನ್. ಎಂಬತ್ತಾರು ವರ್ಷ. ಒಬ್ಬರೇ ಇದ್ದಾರೆ, ಒಂದು ಹಸು ಸಾಕಿದ್ದಾರೆ, ಕಿವಿ ಸಂಪೂರ್ಣ ಕೇಳುವುದಿಲ್ಲ. ಫೋನು ಕೊಡಿಸಿದರೆ ಅದನ್ನು ದೀಪವಾಗಿ ಬಳಸಿದರು, ಬೆಳಕು ಆರಿದ ಮೇಲೆ ಕಿಟಕಿ ಬಡಿಯದಂತೆ ಸಂದಿಗೆ ಸಿಕ್ಕಿಸಿದರು. ಅವರ ಮನೆಗೂ ನನ್ನ ಮನೆಗೂ ಏಳು ನಿಮಿಷದ ದಾರಿ. ಅಕ್ರೋಟು ಮರಗಳ ದಿಬ್ಬ ಅಡ್ಡ ಇರುವುದರಿಂದ ಮನೆ ಕಾಣುವುದಿಲ್ಲ, ಹೊಗೆ ಮಾತ್ರ ಕಾಣುತ್ತದೆ. ಈ ಏಳು ನಿಮಿಷವನ್ನು ಕಾನೂನುಬದ್ಧವಾಗಿ ನಡೆಯುವುದು ಹೇಗೆ ಎಂದು ತಮ್ಮ ಕಚೇರಿಗೆ ಹಿಂದೊಮ್ಮೆ ಕೇಳಿದ್ದೆ. ಉತ್ತರದ ದೊಡ್ಡ ದೇಶಕ್ಕೆ ಹೋಗಿ, ಅಲ್ಲಿಂದ ಪರ್ವತದ ಸುರಂಗ ದಾಟಿ ಕೆಳಗಿಳಿದು ಬನ್ನಿ ಅಂದಿರಿ. ನಕ್ಷೆಯ ಮೇಲೆ ದಾರ ಇಟ್ಟು ಅಳೆದೆ, ನಾನೂರು ಕಿಲೋಮೀಟರಿಗೂ ಮೇಲಾಯಿತು. ಸರಿ, ಹಾಗೇ ಹೋಗೋಣವೆಂದು ನಮ್ಮ ಸರ್ಕಾರವನ್ನು ಕೇಳಿದರೆ, ಆ ಸುರಂಗದಿಂದ ಒಳಬರುವುದು ನಮ್ಮ ಕಾನೂನಿನಲ್ಲಿ ಅಪರಾಧ ಅಂದರು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ನಡುವೆ ಹೆಗಲು ಕೊಟ್ಟವರು ನಾವು.

ಬೇಲಿ ಬಂದ ಮೇಲೂ ಬಹಳ ವರ್ಷ ತಾಯಿ ಮಗಳು ತಂತಿಯ ಎರಡೂ ಕಡೆ ಮಣೆ ಹಾಕಿಕೊಂಡು ಕೂತು ಕೈಸನ್ನೆಯಲ್ಲೇ ಊರ ಪುರಾಣವೆಲ್ಲ ಮಾತಾಡುತ್ತಿದ್ದರು. ಅತ್ತೆ ವಾರಕ್ಕೊಮ್ಮೆ ಚೀಸಿನ ಹೂರಣ ತುಂಬಿದ ಮೂರು ರೊಟ್ಟಿ ತರುತ್ತಿದ್ದರು, ಹುಲ್ಲು ಎಳೆಯುವ ಕುಂಟೆಯಲ್ಲಿ ತಟ್ಟೆಯನ್ನು ತಂತಿಯ ಕೆಳಗೆ ಈಚೆ ತಳ್ಳುತ್ತಿದ್ದರು. ಅಜಾ ಹುಳಿ ಪ್ಲಮ್ ಹಣ್ಣಿನ ಗೊಜ್ಜು, ಮಂಡಿನೋವಿನ ಮುಲಾಮು ಆಚೆ ತಳ್ಳುತ್ತಿದ್ದಳು. ಹೋದ ವರ್ಷ ತಮ್ಮ ಸುತ್ತೋಲೆ ಬಂತು: ಬೇಲಿಯ ಎರಡೂ ಬದಿಯಲ್ಲಿ ಏಕಕಾಲಕ್ಕೆ ನಾಗರಿಕರು ನಿಲ್ಲತಕ್ಕದ್ದಲ್ಲ. ಮೇಲಿನವರು ಬೆಳಿಗ್ಗೆ ಎಂಟರಿಂದ ಹತ್ತು, ಕೆಳಗಿನವರು ಮಧ್ಯಾಹ್ನದ ಮೇಲೆ. ಎಂಬತ್ತಾರರ ಮುದುಕಿಯೊಬ್ಬಳು ಮಗಳ ಮುಖ ನೋಡಿದರೆ ಯಾವ ರಾಜ್ಯದ ಯಾವ ಗೋಡೆ ಬೀಳುತ್ತದೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು. ಈಗ ಕೇಳುತ್ತಿದ್ದೇನೆ.

ಅಂದಿನಿಂದ ನಮ್ಮ ಮನೆಗೆ ಬರುವ ಏಕೈಕ ಕಾಗದವೆಂದರೆ ಆ ತಟ್ಟೆ. ತಾವು ಉತ್ತರದ ಆ ದೊಡ್ಡ ದೇಶದಿಂದ ಬಂದವರು, ಹಾಗಾಗಿ ಇದೊಂದನ್ನು ಹೇಳಲೇಬೇಕು. ಒಸ್ಸೇತಿಯಾದವರ ಮನೆಯಲ್ಲಿ ಶುಭದ ದಿನ ರೊಟ್ಟಿ ಮೂರು: ದೇವರಿಗೊಂದು, ಸೂರ್ಯನಿಗೊಂದು, ಭೂಮಿಗೊಂದು. ಸಾವಿನ ಮನೆಯಲ್ಲಿ ಎರಡು. ಹೋದವರಿಗೆ ಇನ್ನು ಸೂರ್ಯನಿಲ್ಲ, ಅದಕ್ಕೆ. ಇದನ್ನು ತೊಟ್ಟಿಲ ಕೂಸೂ ಬಲ್ಲದು. ಕಣ್ಣು ಕಾಣದ ಅಜ್ಜಿಯರು ಕೂಡ ತಟ್ಟೆ ಮುಟ್ಟಿ ಎಣಿಸಿಯೇ ಮುಂದಿಡುತ್ತಾರೆ. ಬದುಕಿರುವವರ ಮುಂದೆ ಯಾರೂ ಅಪ್ಪಿತಪ್ಪಿಯೂ ಎರಡು ಇಡುವುದಿಲ್ಲ. ಅಂದರೆ ಮೂರು ರೊಟ್ಟಿ ಬಂತೆಂದರೆ ಅತ್ತೆ ಚೆನ್ನಾಗಿದ್ದಾರೆ. ಎರಡು ಬಂತೆಂದರೆ ಅತ್ತೆ ಇಲ್ಲ, ರೊಟ್ಟಿ ಸುಟ್ಟವರು ಪಕ್ಕದ ಮನೆಯವರು.

ಈಗ ನವೆಂಬರ್ ತಿಂಗಳಿಗೆ ಬರುತ್ತೇನೆ. ಸಂತ ಜಾರ್ಜನ ಹಬ್ಬದ ವಾರ. ಅಜಾ ಮಧ್ಯಾಹ್ನ ಬೇಲಿಗೆ ಹೋದವಳು ಬಟ್ಟೆ ಬಿಚ್ಚಿ ನೋಡಿದಳು. ಎರಡು. ಮನೆಗೆ ಬಂದು ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಅಳಲಿಲ್ಲ. ತಲೆಯ ಬಣ್ಣದ ವಸ್ತ್ರ ತೆಗೆದು ಕಪ್ಪು ಶಾಲು ಹೊದ್ದಳು. "ಮೇಷ್ಟ್ರೇ, ಒಲೆ ಮೇಲೆ ಹುರುಳಿಕಾಯಿ ಇಟ್ಟಿದೀನಿ, ತಳ ಹಿಡೀದ ಹಾಗೆ ನೋಡ್ಕೊಳ್ಳಿ" ಅಂದಳು. ನಾನು "ಅಜಾ, ಬೇಡ ಕಣೇ, ಹಿಡೀತಾರೆ" ಅಂದೆ. "ಹಿಡೀಲಿ. ಹೆತ್ತವಳ ಹೆಣದ ಮುಂದೆ ಅಳೋಕೂ ರುಜು ಹಾಕ್ಸಬೇಕಾ?" ಎಂದು ಹೊರಟೇಬಿಟ್ಟಳು. ಹಂದಿಗಳು ಕೆದರಿದ ತಗ್ಗಿನಲ್ಲಿ ತಂತಿಯ ಕೆಳಗೆ ತೂರಿದ್ದನ್ನು ನಾನು ತೋಟದಿಂದ ನೋಡಿದೆ. ಅರವತ್ತೊಂದು ವರ್ಷದ ಹೆಂಗಸು, ಮೊಣಕೈಯೂರಿ.

ಮುಂದಿನದನ್ನು ಅವಳೇ ನನಗೆ ಆಮೇಲೆ ಹೇಳಿದ್ದು. ನಮ್ಮಲ್ಲಿ ಸಾವಿನ ಮನೆಗೆ ಬರುವ ಮಗಳು ಅಂಗಳದ ಬಾಗಿಲಲ್ಲೇ ದನಿ ಎತ್ತಿ ಅಳಬೇಕು. ಅವಳು ಎತ್ತಿದಳು. ಹಬ್ಬಕ್ಕೆಂದು ಪಟ್ಟಣದಿಂದ ಬಂದಿದ್ದ ಹೆಂಗಸರೆಲ್ಲ ಅವಳ ದನಿ ಕೇಳಿ ಓಡಿಬಂದರು. ಅಯ್ಯೋ, ಕೋಸೆರ್ಖಾನ್ ಹೋದಳು, ಮಗಳಿಗೆ ಗೊತ್ತಾಗಿದ್ದು ನಮಗೇ ಗೊತ್ತಾಗಲಿಲ್ಲವಲ್ಲ ಎಂಬ ನಾಚಿಕೆಗೆ ಇನ್ನೂ ಜೋರಾಗಿ ಅತ್ತರು. ಹನ್ನೊಂದು ಜನ ಅಂಗಳದಲ್ಲಿ ಸುತ್ತ ಕೂತು ಎದೆ ಬಡಿದುಕೊಳ್ಳುತ್ತಿರುವಾಗ ಅತ್ತೆ ಕೊಟ್ಟಿಗೆಯಿಂದ ಹಾಲಿನ ಬಕೆಟ್ಟು ಹಿಡಿದು ಹೊರಗೆ ಬಂದರು. ಕಿವಿ ಕೇಳದು, ಆದರೆ ಕಣ್ಣು ನೆಟ್ಟಗಿದೆ. ತನ್ನ ಅಂಗಳದಲ್ಲಿ ಇಷ್ಟು ಜನ ಅಳುತ್ತಿರುವಾಗ ಯಾರು ಎತ್ತ ಎಂದು ವಿಚಾರಿಸುತ್ತಾ ನಿಲ್ಲುವುದು ಮರ್ಯಾದೆಯಲ್ಲ. ಬಕೆಟ್ಟು ಬದಿಗಿಟ್ಟರು, ತಲೆವಸ್ತ್ರ ತೆಗೆದರು, ಹಿಂದಿನ ಸಾಲಿನಲ್ಲಿ ಕೂತು ತಾವೂ ಎದೆ ಬಡಿದುಕೊಂಡು ಅತ್ತರು. ಸ್ವಲ್ಪ ಹೊತ್ತಾದ ಮೇಲೆ ಪಕ್ಕದವಳನ್ನು ತಿವಿದು, "ಹೋದವರು ಯಾರೇ?" ಅಂದರು.

ಪಕ್ಕದವಳು ತಿರುಗಿ ನೋಡಿ ಕಿಟಾರನೆ ಕಿರುಚಿದಳು. ಎಲ್ಲರೂ ಬೆರಳು ತೋರಿಸಿದರು. ಅತ್ತೆ ಆಚೆ ಈಚೆ ನೋಡಿದರು. "ನಾನಾ? ಅಲ್ರೇ, ನಂಗೊಂದು ಮಾತು ಹೇಳೋದಲ್ವಾ?" ಅಂದರಂತೆ.

ಆಮೇಲೆ ತಾಯಿ ಮಗಳು ಒಬ್ಬರನ್ನೊಬ್ಬರು ತಬ್ಬಿಕೊಂಡು ನಿಂತಿದ್ದು ಐದು ನಿಮಿಷವಿರಬಹುದು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಮುಟ್ಟಿದ್ದು. ಅಷ್ಟರಲ್ಲಿ ತಮ್ಮ ಗಸ್ತಿನವರು ಬಂದರು.

ಠಾಣೆಯಲ್ಲಿ ಅಜಾ ರೊಟ್ಟಿಯ ಸಂಗತಿ ಹೇಳಿದಾಗ ಯಾರೂ ನಂಬಲಿಲ್ಲ, ಒಬ್ಬನ ಹೊರತು. ಆಗ ಬೇಲಿ ಕಾಯುತ್ತಿದ್ದವನು ದಪ್ಪ ಮೀಸೆಯ ಹವಾಲ್ದಾರ, ನಮ್ಮ ವಯಸ್ಸಿಗೆ ಹತ್ತಿರದವನು. ಆತ ಕುರ್ಚಿಯಿಂದ ಎದ್ದು ನಿಂತು, "ತಾಯಿ, ಅದು ನನ್ನ ತಪ್ಪು. ಮೂರಿತ್ತು. ಬಿಸಿಯಿತ್ತು, ಚಳಿಯಿತ್ತು, ಒಂದು ತಿಂದೆ. ಮೂರೂ ತಿಂದ್ರೆ ಕಳ್ಳತನ ಆಗತ್ತಲ್ಲ ಅಂತ ಎರಡು ಬಿಟ್ಟೆ" ಅಂದನಂತೆ. ಮಾನ್ಯರೇ, ಹನ್ನೆರಡು ವರ್ಷದಲ್ಲಿ ತಮ್ಮ ಕಡೆಯಿಂದ ನಮಗೆ ಸಂದ ಏಕೈಕ ಸೌಜನ್ಯ ಇದು, ಇದರಿಂದಲೇ ನನ್ನ ಹೆಂಡತಿ ಒಂಬತ್ತು ದಿನ ಬೀಗದೊಳಗಿದ್ದಳು. ಅವಳಿಗೆ ಅವನ ಮೇಲೆ ಸಿಟ್ಟಿಲ್ಲ. "ಪಾಪ, ಹಸಿದಿದ್ದ. ಅಮ್ಮನ ರೊಟ್ಟಿ ವಾಸನೆಗೆ ಯಾರಾದ್ರೂ ಸೋಲ್ತಾರೆ" ಅಂತಾಳೆ. ಸಿಟ್ಟಿರುವುದು ನನಗೆ, ಅದೂ ಅವನ ಮೇಲಲ್ಲ. ತಾವು ಅವನ ತಪ್ಪೊಪ್ಪಿಗೆಯನ್ನು ದಾಖಲಿಸಲಿಲ್ಲ. ದಾಖಲಿಸಿದ್ದು ಇಷ್ಟು: ರಾಜ್ಯದ ಗಡಿಯ ಅಕ್ರಮ ಉಲ್ಲಂಘನೆ, ಐದು ವರ್ಷ ಪ್ರವೇಶ ನಿಷೇಧ, ಮತ್ತೆ ದಾಟಿದರೆ ಸೆರೆಮನೆ, ದಿನಗಳ ಲೆಕ್ಕದಲ್ಲಲ್ಲ, ವರ್ಷಗಳ ಲೆಕ್ಕದಲ್ಲಿ. ಅಜಾ ಕಾಗದ ಓದಿ ಒಂದೇ ಪ್ರಶ್ನೆ ಕೇಳಿದಳು: "ಐದು ವರ್ಷಕ್ಕೆ ನಮ್ಮಮ್ಮಂಗೆ ತೊಂಬತ್ತೊಂದು. ಅವರಿಗೂ ಒಂದು ಕಾಗದ ಕೊಡ್ತೀರಾ, ಅಲ್ಲೀವರೆಗೆ ಸಾಯಕೂಡದು ಅಂತ?" ಅಧಿಕಾರಿ ನಗಲಿಲ್ಲವಂತೆ. ಒಳ್ಳೆಯ ಅಧಿಕಾರಿಯಿರಬೇಕು. ಮೀಸೆಯ ಹವಾಲ್ದಾರನನ್ನು ಮಾತ್ರ ಬೇರೆಲ್ಲಿಗೋ ಎತ್ತಂಗಡಿ ಮಾಡಿದಿರಿ, ತಪ್ಪು ಒಪ್ಪಿಕೊಂಡ ತಪ್ಪಿಗೆ ಇರಬೇಕು.

ಚಳಿಗಾಲವೆಲ್ಲ ಪ್ರತಿ ಭಾನುವಾರ ಮೂರು ರೊಟ್ಟಿ ಬಂದವು. ಹಿಮ ಮೊಣಕಾಲುದ್ದ ಬಿದ್ದ ವಾರವೂ ಬಂದವು, ತಟ್ಟೆಯ ಪಕ್ಕ ಅತ್ತೆಯ ಕೋಲು ಊರಿದ ಗುರುತಿತ್ತು. ನಿನ್ನೆ ಎರಡು. ಬೆಳಿಗ್ಗೆ ದಟ್ಟ ಮಂಜು ಕವಿದಿದ್ದರಿಂದ ತಟ್ಟೆ ಇಟ್ಟವರು ಯಾರೆಂದು ನಮ್ಮ ಕಿಟಕಿಯಿಂದ ಕಾಣಲಿಲ್ಲ.

ನಾವು ಸುಮ್ಮನೆ ಕೂತಿಲ್ಲ. ಕೂಗಿದೆವು, ನಾಯಿಗಳು ಉತ್ತರಿಸಿದವು. ಹಬ್ಬ ಮುಗಿಸಿ ಹೋದವರು ಬೇಸಿಗೆಗೆ ಮುಂಚೆ ಬರುವುದಿಲ್ಲ, ಮೇಲ್ಕೇರಿಯಲ್ಲಿ ಈಗ ಒಲೆ ಹಚ್ಚುವುದು ಮೂರೇ ಮನೆ. ಪಕ್ಕದ ಮನೆಯವಳ ನಂಬರಿಗೆ ಫೋನು ಮಾಡಿದರೆ, ತಾವು ಕರೆ ಮಾಡಿದ ಸಂಖ್ಯೆ ಅಸ್ತಿತ್ವದಲ್ಲಿಲ್ಲ ಎಂದಿತು. ಹೊಗೆ ನೋಡಿದೆವು, ಹೊಗೆ ಬರುತ್ತಿದೆ. ಅತ್ತೆ ಇದ್ದರೂ ಹೊಗೆ ಬರುತ್ತದೆ, ಹೋಗಿದ್ದರೂ ಬರುತ್ತದೆ, ಸಾವಿಗೆ ಬಂದವರಿಗೆ ಅಡುಗೆಯಾಗಬೇಕಲ್ಲ. ಗಡಿಯ ಶಾಂತಿ ನೋಡಿಕೊಳ್ಳುವ ಪರದೇಶದ ವೀಕ್ಷಕರು ಬಿಳಿ ಗಾಡಿಯಲ್ಲಿ ಬಂದರು. ದುರ್ಬೀನಿನಲ್ಲಿ ಕಲ್ಲನ್ನು ನೋಡಿದರು, ಪುಸ್ತಕದಲ್ಲಿ "ರೊಟ್ಟಿ: ಎರಡು" ಎಂದು ಬರೆದುಕೊಂಡರು. ಒಬ್ಬಳು ಒಳ್ಳೆಯ ಹುಡುಗಿ, ಅಜಾಳ ಕೈ ಹಿಡಿದು, "ಮುಂದಿನ ಸಭೆಯಲ್ಲಿ ವಿಷಯ ಎತ್ತುತ್ತೇವೆ ಅಮ್ಮಾ, ಆದರೆ ಎರಡೂ ಕಡೆಯ ಅಭಿಪ್ರಾಯ ಕೇಳಬೇಕಾಗುತ್ತದೆ" ಅಂದಳು. ಅಡ್ಡಗೋಡೆಯ ಮೇಲೆ ದೀಪವಿಟ್ಟು ಹೋದರು. ಸಭೆ ಬರುವ ತಿಂಗಳು.

ಬುಧವಾರವೇ ಯಾಕೆ ಎಂದು ಕೇಳಬಹುದು. ಭಾನುವಾರ ಹೋದವರನ್ನು ಮೂರನೆಯ ದಿನವಾದ ಮಂಗಳವಾರಕ್ಕೆ ಮಣ್ಣು ಮಾಡುವುದು ವಾಡಿಕೆ. ಆದರೆ ಇನ್ನೊಂದು ಕಡೆಯಲ್ಲಿ ಮಗಳಿದ್ದಾಳೆಂದು ಗೊತ್ತಿರುವ ಮೇಲ್ಕೇರಿಯವರು ಒಂದು ದಿನ ಹೆಚ್ಚು ಕಾಯುತ್ತಾರೆ. ಅಷ್ಟು ನಾನು ಅವರನ್ನು ಬಲ್ಲೆ. ಅಜಾಳ ಕಪ್ಪು ಶಾಲು ಬಾಗಿಲ ಮೊಳೆಯಲ್ಲಿ ತೂಗುತ್ತಿದೆ. "ಬುಧವಾರ ಬೆಳಿಗ್ಗೆವರೆಗೂ ಕಾಯ್ತೀನಿ ಮೇಷ್ಟ್ರೇ, ನಿಮ್ಮ ಮಾತಿಗೆ. ಆಮೇಲೆ ಹೋಗ್ತೀನಿ" ಅಂದಿದ್ದಾಳೆ. ತಡೆಯುವ ಶಕ್ತಿ ನನಗಿಲ್ಲ, ಹಕ್ಕಂತೂ ಮೊದಲೇ ಇಲ್ಲ. ತಾಯಿ ಬದುಕಿದ್ದರೆ ಒಂದು ರೊಟ್ಟಿಗಾಗಿ ನನ್ನ ಹೆಂಡತಿ ವರ್ಷಗಟ್ಟಲೆ ಸೆರೆಯಲ್ಲಿ ಕೊಳೆಯುತ್ತಾಳೆ. ತಾಯಿ ಸತ್ತಿದ್ದೂ ಇವಳು ಹೋಗದೆ ಉಳಿದರೆ, ಆಮೇಲೆ ನಮ್ಮ ಮನೆಯಲ್ಲಿ ಬದುಕುವವಳು ಅಜಾ ಆಗಿರುವುದಿಲ್ಲ. ನನಗೆ ಭಯವಾಗಿದೆ, ಮಾನ್ಯರೇ. ಇದನ್ನು ವ್ಯಂಗ್ಯವಾಗಿ ಬರೆಯಲು ನನಗೆ ಬರುವುದಿಲ್ಲ.

ಇವತ್ತು ಬೆಳಿಗ್ಗೆ ಅವಳು ಇನ್ನೊಂದು ಉಪಾಯ ಮಾಡಿದಳು. ನಾನು ಹೇಳಿಕೊಟ್ಟದ್ದಲ್ಲ. ಹಿಟ್ಟು ನಾದಿ, ಹೂರಣ ತುಂಬಿ, ಮೇಲೆ ಬೆಣ್ಣೆ ಸುರಿದು, ಒಂದೇ ಒಂದು ರೊಟ್ಟಿ ಸುಟ್ಟಳು. ಮೇಲಿನವರ ಹೊತ್ತು ಶುರುವಾಗುವ ಮುಂಚೆ, ಏಳು ಗಂಟೆಗೇ, ಬಿಸಿಬಿಸಿಯಾಗಿ ಬಟ್ಟೆ ಮುಚ್ಚಿ ಒಯ್ದು ಕಲ್ಲಿನ ಮೇಲಿಟ್ಟು ಬಂದಳು. "ಇದನ್ನ ಆ ಹೊಸಬ ತಿಂದ್ರೆ, ನಿನ್ನೇದನ್ನೂ ಅವನೇ ತಿಂದಿದ್ದು ಅಂತ ಅಲ್ವಾ? ಹಸಿದಿರೋನು ಒಂದ್ಸಲ ತಿಂದ್ರೆ ಇನ್ನೊಂದ್ಸಲನೂ ತಿಂತಾನೆ" ಅಂದಳು. ಆಮೇಲೆ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತಳು.

ನಾನು ಇದನ್ನು ಬರೆಯುತ್ತಿರುವಾಗ ಸಂಜೆ ನಾಲ್ಕು ಗಂಟೆ. ತಮ್ಮ ಕಾವಲುಗಾರ ಕಲ್ಲಿನ ಮುಂದೆ ಹದಿನೇಳು ಬಾರಿ ಹಾದುಹೋದ. ಒಮ್ಮೆ ನಿಂತ, ಬಾಗಿದ, ಅಜಾ ಕುರ್ಚಿಯಿಂದ ಎದ್ದಳು. ಆತ ಬಟ್ಟೆಯ ತುದಿ ಗಾಳಿಗೆ ಹಾರದಂತೆ ಒಂದು ಸಣ್ಣ ಕಲ್ಲನ್ನು ಹೇರಿಟ್ಟು ಮುಂದೆ ಹೋದ. ರೊಟ್ಟಿ ಹಾಗೇ ಇದೆ. ಇಷ್ಟು ವರ್ಷ ತಮ್ಮ ಕಡೆಯ ಕಳ್ಳರ ಬಗ್ಗೆ ದೂರು ಬರೆದೇ ನನ್ನ ಕೈ ನೋಯುತ್ತಿತ್ತು. ಒಬ್ಬ ಪ್ರಾಮಾಣಿಕ ಮನುಷ್ಯನನ್ನು ಕಂಡು ಹೆದರಿದ್ದು ಇದೇ ಮೊದಲು.

ಆದುದರಿಂದ ನನ್ನ ಬೇಡಿಕೆ ಒಂದೇ. ಮೇಲ್ಕೇರಿಯನ್ನು ಹಿಂದಿರುಗಿಸಿ ಅನ್ನುವುದಿಲ್ಲ, ಸೇಬಿನ ಮರ ಕೊಡಿ ಅನ್ನುವುದಿಲ್ಲ, ಬೇಲಿ ಕೀಳಿ ಎಂದೂ ಅನ್ನುವುದಿಲ್ಲ, ಅವೆಲ್ಲ ದೊಡ್ಡವರ ಮಾತು. ಯಾರನ್ನಾದರೂ ಅತ್ತೆಯ ಬಾಗಿಲಿಗೆ ಏಳು ನಿಮಿಷ ನಡೆಸಿ. ಇದ್ದರೆ, ಅವರ ಕೈಯಿಂದಲೇ ಮೂರು ರೊಟ್ಟಿ ಇಡಿಸಿ. ಇಲ್ಲವಾದರೆ, ನನ್ನ ಹೆಂಡತಿ ಅಂಗಳದ ಬಾಗಿಲಲ್ಲಿ ದನಿ ಎತ್ತುವಷ್ಟು ಹೊತ್ತು ತಮ್ಮ ಜನ ಬೆನ್ನು ತಿರುಗಿಸಿ ನಿಲ್ಲಲಿ. ಅದೂ ತಮ್ಮ ಅಧಿಕಾರದಲ್ಲಿ ಇಲ್ಲವೆಂದರೆ, ಆ ಮನುಷ್ಯನಿಗೆ ಅಪ್ಪಣೆ ಕೊಡಿ, ಕಲ್ಲಿನ ಮೇಲಿನ ರೊಟ್ಟಿ ತಿನ್ನಲಿ. ತಣ್ಣಗಾಗಿದೆ, ಆದರೂ ತಿನ್ನಲಿ. ಕಿಟಕಿಯಲ್ಲಿ ಅವಳು ಇನ್ನೂ ಕೂತಿದ್ದಾಳೆ.

ಇಂತಿ,
ತಮ್ಮ ದೇಶದಿಂದ ಏಳು ನಿಮಿಷ ದೂರದ ಪರದೇಶಿ,
ಶಾಕ್ರೋ,
ಊರು ಇದ್ದಲ್ಲೇ ಇರುತ್ತದೆ ಎಂದು ಕಲಿಸಿದ ನಿವೃತ್ತ ಮೇಷ್ಟ್ರು,
ಕೆಳಕೇರಿ, ವಾಶ್ಲಿಸುಬಾನಿ. ಮಾರ್ಚ್ ತಿಂಗಳ ಸೋಮವಾರ.